ಬಟ್ಟಲು ಹಿಡಿದು ಹೇಳುವ ಮಾತು

ನವೆಂಬರ್ 19, ಮಂಗಳವಾರ

ಈ ವರ್ಷದ ಸೇಬು ಹಿಂಡಿ ಮುಗಿಯಿತು. ಆಗಿದ್ದು ಮೂರೇ ಪೀಪಾಯಿ ಸೈಡರ್, ನಮ್ಮ ಸೇಬಿನ ಹೆಂಡ. ಮೊದಲೆಲ್ಲ ಹನ್ನೊಂದಕ್ಕೆ ಕಡಿಮೆ ಆದದ್ದಿಲ್ಲ. ಮರಗಳು ಮುನಿಸಿಕೊಂಡಿವೆ ಅಂತ ರಾನ್ ಇದ್ದಿದ್ದರೆ ಹೇಳುತ್ತಿದ್ದ. ಗಂಡ ಸತ್ತು ಒಂಬತ್ತು ವರ್ಷವಾಯಿತು, ಸೇಬಿನ ವಿಷಯ ಬಂದರೆ ಇನ್ನೂ ಅವನ ಮಾತೇ ನನ್ನ ಬಾಯಿಗೆ ಬರುತ್ತದೆ.

ಮುನಿಸಿಕೊಳ್ಳದೆ ಏನು ಮಾಡಿಯಾವು? ಹೋದ ಜನವರಿಯಲ್ಲಿ ವಾಸೇಲ್ ನಡೆಯಲಿಲ್ಲ. ರಾನ್‌ನ ಅಜ್ಜನ ಕಾಲದಿಂದಲೂ ಜನವರಿ ಹದಿನೇಳರ ರಾತ್ರಿ ಹ್ಯಾಮ್ಲಿ ಊರೆಲ್ಲ ನಮ್ಮ ತೋಟಕ್ಕೆ ಬರುತ್ತದೆ. ಎಲ್ಲಕ್ಕಿಂತ ಹಳೆಯ ಮರ, ನಾವು ಅಜ್ಜ ಅನ್ನುವ ಮರ, ಅದರ ಬುಡಕ್ಕೆ ಸೈಡರ್ ಸುರಿಯುತ್ತಾರೆ, ಸೈಡರಿನಲ್ಲಿ ನೆನೆಸಿದ ರೊಟ್ಟಿ ಕೊಂಬೆಗೆ ಸಿಕ್ಕಿಸುತ್ತಾರೆ, ಬಂದೂಕು ಹಾರಿಸುತ್ತಾರೆ, ಹಾಡಿ ಕುಡಿದು ಮರಗಳನ್ನು ಎಬ್ಬಿಸುತ್ತಾರೆ. ಯುದ್ಧದ ವರ್ಷಗಳಲ್ಲೂ ಅದು ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕಾಲದಲ್ಲಿ.

ಅದರ ಹಿಂದಿನ ಜನವರಿಯಲ್ಲಿ ವೌಲ್ಸ್ ಮನೆಯ ಹುಡುಗ ವಾಸೇಲ್ ಮುಗಿಸಿಕೊಂಡು ಮನೆಗೆ ಹೋಗುವಾಗ ರೀನ್ ಕಾಲುವೆಗೆ ಬಿದ್ದು ಸತ್ತ. ಅವತ್ತು ಚಾಚಿದ ಕೈ ಕಾಣದಂಥ ಮಂಜು. ಮಂಜಿಗೆ ಯಾರು ಏನು ಮಾಡುವುದು?

ಸಂಜೆ ನೆವಿಲ್ ಟಿಂಬ್ರೆಲ್ ಬಂದಿದ್ದರು. ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ನಿವೃತ್ತಿಯಾದ ಮೇಲೆ ಇಡೀ ಊರಿಗೇ ಮೇಷ್ಟ್ರು.

"ಒಂದು ವರ್ಷ ಅತ್ತಿದ್ದಾಯ್ತು ಏವಿಸ್, ಇನ್ನು ಸಾಕು. ಈ ಸಲ ಜೋರಾಗೇ ಮಾಡೋಣ. ಮುನ್ನೂರೈವತ್ತು ಜನ, ರಾತ್ರಿ ಒಂದು ಗಂಟೆವರೆಗೆ."

"ಇರೋದು ಮೂರೇ ಪೀಪಾಯಿ."

"ಮೂರು ಪೀಪಾಯಿ ಖಾಲಿ ಮಾಡೋಕೆ ನಮ್ಮೂರಿನ ಹೆಂಗಸ್ರೇ ಸಾಕು ಬಿಡಿ," ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಹೊರಗಿನವರಿಗೆ ಮಾರುವುದಾದರೆ ಕೌನ್ಸಿಲ್ಲಿನಿಂದ ಒಂದು ರಾತ್ರಿಯ ಪರವಾನಗಿ ಬೇಕು. ಮೊದಲೂ ತೆಗೆದುಕೊಳ್ಳುತ್ತಿದ್ದೆವು, ಯಾರೂ ಚಕಾರ ಎತ್ತಿರಲಿಲ್ಲ. ಮಾಡೋಣ ಎಂದೆ.

ನವೆಂಬರ್ 25, ಸೋಮವಾರ

ಅರ್ಜಿ ಹೋಯಿತು. ಮುಗಿಯುವ ಹೊತ್ತು ರಾತ್ರಿ ಒಂದು ಅಂದರೆ ತಾರೀಕು ಹದಿನೇಳೋ ಹದಿನೆಂಟೋ ಎಂದು ನೆವಿಲ್ ನನ್ನ ಅಡುಗೆಮನೆಯಲ್ಲಿ ಕೂತು ಅರ್ಧ ಗಂಟೆ ತಮ್ಮೊಂದಿಗೆ ತಾವೇ ವಾದ ಮಾಡಿದರು. ನಾನು ಅಷ್ಟರಲ್ಲಿ ಎರಡು ಕಡುಬು ಬೇಯಿಸಿ ಮುಗಿಸಿದೆ.

ಅಜ್ಜನ ಬುಡದ ಹುಲ್ಲು ಕೆರೆದು ಬಂದೆ. ಬಹಳ ದಿನದ ಮೇಲೆ ಮೈ ಹಗುರ ಎನಿಸಿತು.

ನವೆಂಬರ್ 28, ಗುರುವಾರ

ಪೊಲೀಸರ ಆಕ್ಷೇಪಣೆ ಬಂದಿದೆ. ಎರಡು ಪುಟ. ತೋಟದಿಂದ ಊರಿಗೆ ಹೋಗುವ ದಾರಿಗೆ ದೀಪವಿಲ್ಲವಂತೆ. ಪಕ್ಕದಲ್ಲಿ ಆಳದ ಕಾಲುವೆ, ತಡೆಬೇಲಿ ಇಲ್ಲವಂತೆ. ಮದ್ಯ ಇರುವಲ್ಲಿ ಬಂದೂಕು ಇರಬಾರದಂತೆ. ಇದನ್ನೆಲ್ಲ ಕಂಡುಹಿಡಿಯಲು ಪೊಲೀಸರೇ ಬೇಕಿತ್ತೇ? ನಾನು ನಲವತ್ತಮೂರು ವರ್ಷದಿಂದ ಆ ದಾರಿಯಲ್ಲೇ ಓಡಾಡುತ್ತಿದ್ದೇನೆ.

ಕೊನೆಯದನ್ನು ಇದ್ದ ಹಾಗೇ ಬರೆದಿಡುತ್ತೇನೆ: "ಸದರಿ ಆಚರಣೆಯಲ್ಲಿ, ಬಟ್ಟಲು ನೀಡುವವರು 'ವಾಸೇಲ್' ಎಂದು ನುಡಿದ ನಂತರ ಪಡೆಯುವವರು ನಿರಾಕರಿಸುವಂತಿಲ್ಲ ಎಂಬ ಪದ್ಧತಿ ಇರುವುದಾಗಿ ತಿಳಿದುಬಂದಿದೆ."

ತಿಳಿದುಬಂದಿದೆಯಂತೆ! ಕೆಳಗೆ ಸಹಿ: ಸಾರ್ಜೆಂಟ್ ಆರ್. ಕೀರ್ಲ್. ನಮ್ಮೂರಿನ ರೋಸಿ! ಇವಳಿಗೆ ಯಾರು ತಿಳಿಸಬೇಕಿತ್ತು? ಒಂಬತ್ತು ವರ್ಷದವಳಿದ್ದಾಗ ಇದೇ ತೋಟದಲ್ಲಿ ಅವಳನ್ನು ವಾಸೇಲ್ ರಾಣಿ ಮಾಡಿ, ತಲೆಗೆ ಬಳ್ಳಿಯ ಕಿರೀಟ ಸುತ್ತಿ, ಕೊಂಬೆಗೆ ರೊಟ್ಟಿ ಸಿಕ್ಕಿಸಲಿ ಅಂತ ಸೊಂಟ ಹಿಡಿದು ಎತ್ತಿದ್ದು ನಾನು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಒಂಬತ್ತನೇ ತಾರೀಕು ಕೌನ್ಸಿಲ್ಲಿನ ಮುಂದೆ ವಿಚಾರಣೆ. ಹೋಗಿ ಹೇಳುತ್ತೇನೆ.

ನವೆಂಬರ್ 30, ಶನಿವಾರ

ಅಂಗಡಿಯಲ್ಲಿ ಸಿರಿಲ್ ವೌಲ್ಸ್ ಸಿಕ್ಕಿದ, ಆ ಹುಡುಗನ ಅಪ್ಪ. ಬ್ರೆಡ್ಡು ಕೊಳ್ಳುತ್ತಿದ್ದ. ಮೊದಲು ಪ್ರತಿ ವಾಸೇಲಿನಲ್ಲಿ ಮೊದಲ ಗುಂಡು ಅವನದೇ. ಈಗ ಎರಡು ವರ್ಷವಾಯಿತು, ನನ್ನ ಗೇಟಿನ ಹತ್ತಿರ ಸುಳಿದಿಲ್ಲ. ಟೋಪಿ ಮುಟ್ಟಿ ಹೋದ. ಬೈಯಲಿಲ್ಲ, ಮಾತಾಡಿಸಲಿಲ್ಲ. ಬೈದಿದ್ದರೆ ಒಂದು ಉತ್ತರವಾದರೂ ಕೊಡಬಹುದಿತ್ತು.

ಅಂಗಡಿಗೆ ನಾನು ಹೋದರೆ ಮಾತು ನಿಲ್ಲುತ್ತದೆ. ಎರಡು ವರ್ಷದಿಂದ ಹಾಗೇ. ಯಾರೂ ಏನೂ ಹೇಳುವುದಿಲ್ಲ, ಅದೇ ಕಷ್ಟ. ಕೌನ್ಸಿಲ್ಲಿನವರು ಹೂಂ ಅಂದುಬಿಟ್ಟರೆ ಆಯಿತು. ಕಾಗದದ ಮೇಲೆ, ಮೊಹರು ಹಾಕಿ, ನಮ್ಮ ಹೆಂಬ್ರೋ ತೋಟದಲ್ಲಿ ತಪ್ಪೇನೂ ಇಲ್ಲ ಅಂತ ಹೇಳಿದ ಹಾಗಾಗುತ್ತದೆ. ನನಗೆ ಬೇಕಾದದ್ದು ಅದು. ಸೈಡರ್ ಮಾರಿ ನನಗೇನಾಗಬೇಕಾಗಿದೆ?

ಡಿಸೆಂಬರ್ 2, ಸೋಮವಾರ

ಸಾರ್ಜೆಂಟ್ ಮೇಡಂ ದಯಮಾಡಿಸಿದ್ದರು. ನಾಯಿ ಬೊಗಳಲಿಲ್ಲ. ಹಾಳಾದ್ದು, ಬಾಲ ಬೇರೆ ಆಡಿಸಿತು.

"ಒಳಗೆ ಬರ್ಲಾ ಆಂಟಿ?"

"ಆಂಟಿ ಅಂತೀಯಾ? ಅರ್ಜಿದಾರರೇ ಅನ್ನು."

"ಹೊರಗೆ ಚಳಿ ಇದೆ. ಒಳಗೆ ಬಂದು ಬೈಸ್ಕೋತೀನಿ."

ಚಹಾ ಕೊಟ್ಟೆ. ನಾನೇನು ಮನೆಗೆ ಬಂದವರಿಗೆ ಚಹಾ ಕೊಡದವಳಲ್ಲ. ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟು ಬೆರಳು ಮಡಚಿ ಎಣಿಸಿದಳು.

"ಐದಕ್ಕೆ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ. ದಾರಿ ಉದ್ದಕ್ಕೂ ಎಂಟು ಜನ ದೀಪ ಹಿಡ್ಕೊಂಡು ನಿಲ್ಲಲಿ. ಬಂದೂಕು ಮೊದ್ಲು, ಕುಡಿಯೋದು ಆಮೇಲೆ. ಸಾಕು ಅಂದೋರಿಗೆ ಯಾರೂ ಬಟ್ಟಲು ಹಿಡಿಯೋ ಹಾಗಿಲ್ಲ. ಇಷ್ಟು ಒಪ್ಕೊಳ್ಳಿ ಆಂಟಿ, ಇವತ್ತೇ ಆಕ್ಷೇಪಣೆ ವಾಪಸ್ ತಗೋತೀನಿ."

"ಸಾಕು ಅಂದೋರನ್ನ ಬಿಟ್ಟುಬಿಡೋದಾದ್ರೆ ಅದಕ್ಕೆ ವಾಸೇಲ್ ಅಂತ ಯಾಕನ್ಬೇಕು? ಹೋಟೆಲ್ ಅನ್ಬಹುದು. ನಿಂಗೇ ಗೊತ್ತು. ಮಾತು ಬಿದ್ದ ಮೇಲೆ ಕುಡೀಲೇಬೇಕು. ಇಲ್ದಿದ್ರೆ ಮರಕ್ಕೆ ಅಪಚಾರ."

"ಗೊತ್ತು. ಅದಕ್ಕೇ ಬರೆದಿದ್ದು."

"ಅವತ್ತು ಮಂಜಿತ್ತು ರೋಸಿ."

"ಇತ್ತು. ಬೆಳಿಗ್ಗೆ ಏಳಕ್ಕೂ ಇತ್ತು. ನೀರಿನ ಮೇಲೆ ಅವನ ಒಂದು ಬೂಟು ಕಾಣ್ತಿತ್ತು, ಅಷ್ಟೇ. ಅದನ್ನ ಹಿಡಿದು ಎಳೆದಿದ್ದು ನಾನು."

ನಾನು ಚಹಾದ ಕಪ್ಪು ತೊಳೆಯಲು ಎದ್ದೆ. ಅವಳದು ಇನ್ನೂ ಅರ್ಧ ಇತ್ತು.

ಬಾಗಿಲಲ್ಲಿ ನಿಂತು ಹೇಳಿದಳು: "ಅವತ್ತಿನ ವರದೀಲಿ ಒಂದು ಹೆಸರು ನಾನು ಬರೀಲಿಲ್ಲ. ಕಾನೂನಿಗೆ ಅದು ಬೇಕಿರ್ಲಿಲ್ಲ. ಬರೀಬೇಡ ಅಂತ ಕೇಳ್ಕೊಂಡವ್ರೂ ಇದ್ರು."

ಯಾವ ಹೆಸರು ಅಂತ ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲು ನಾನೇನು ಹುಚ್ಚಿಯೇ?

ಡಿಸೆಂಬರ್ 3

ಬರೆಯುವಂಥದ್ದು ಏನೂ ಇಲ್ಲ.

ಡಿಸೆಂಬರ್ 5, ಗುರುವಾರ

ವಿಚಾರಣೆಯಲ್ಲಿ ದಾರಿಯ ಬಗ್ಗೆ ಕೇಳಿದರೆ ಸರಿಯಾಗಿ ಹೇಳಬೇಕಲ್ಲ ಎಂದು ಬೆಳಿಗ್ಗೆ ನಡೆದು ನೋಡಿದೆ. ನನ್ನ ಗೇಟಿನಿಂದ ಸಿರಿಲ್‌ನ ಗೇಟಿಗೆ ಒಂದು ಸಾವಿರದ ನೂರ ಆರು ಹೆಜ್ಜೆ. ಕಾಲುವೆ ದಾರಿಗೆ ತಾಗಿ ಬರುವುದು ನಾನೂರ ಹತ್ತನೇ ಹೆಜ್ಜೆಯಲ್ಲಿ. ಅಲ್ಲಿ ದಾರಿ ಸ್ವಲ್ಪ ಎಡಕ್ಕೆ ತಿರುಗುತ್ತದೆ, ಕಾಲುವೆ ನೆಟ್ಟಗೆ ಹೋಗುತ್ತದೆ. ನೆಟ್ಟಗೆ ನಡೆಯುವವನು ನೀರಿಗೇ ನಡೆಯುತ್ತಾನೆ.

ನಲವತ್ತಮೂರು ವರ್ಷದಲ್ಲಿ ಅದನ್ನು ಗಮನಿಸಿರಲಿಲ್ಲ. ದಂಡೆಯಲ್ಲಿ ಯಾರೋ ಒಂದು ಜಾಮ್ ಬಾಟಲಿಯಲ್ಲಿ ಸೇಬಿನ ರೆಂಬೆ ಇಟ್ಟಿದ್ದಾರೆ. ನೀರು ಬತ್ತಿತ್ತು, ತುಂಬಿಸಿ ಬಂದೆ.

ಸಂಜೆ ಮತ್ತೆ ನಡೆದೆ. ಹೆಜ್ಜೆ ಅಷ್ಟೇ ಬಂತು.

ಡಿಸೆಂಬರ್ 9, ಸೋಮವಾರ

ಎಲ್ಲ ಬರೆಯಬೇಕು, ನಾಳೆಗೆ ಇಟ್ಟರೆ ಬಣ್ಣ ಹಚ್ಚಿಬಿಡುತ್ತೇನೆ.

ಕೌನ್ಸಿಲ್ಲಿನ ಕೋಣೆಯಲ್ಲಿ ಮೂವರು ಸದಸ್ಯರು. ನಡುವೆ ಕೂತ ಅಧ್ಯಕ್ಷೆಗೆ ನೆಗಡಿ. ಎದುರಿಗೆ ನಾನು ಮತ್ತು ನೆವಿಲ್, ಆಚೆ ಬದಿಗೆ ರೋಸಿ. ಹಿಂದಿನ ಸಾಲಿನಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಸಿರಿಲ್. ಅವನು ಬರುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ.

ನೆವಿಲ್ ಸಾವಿರ ವರ್ಷದ ಪರಂಪರೆಯಿಂದ ಶುರುಮಾಡಿದರು. ಮುನ್ನೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅಧ್ಯಕ್ಷೆ ಎರಡು ಕರವಸ್ತ್ರ ಮುಗಿಸಿದ್ದರು. ನೆವಿಲ್ ಚೆನ್ನಾಗೇ ಮಾತಾಡಿದರು ಅನ್ನಬೇಕು. ಸದಸ್ಯರಲ್ಲಿ ಇಬ್ಬರು ತಲೆಯಾಡಿಸುತ್ತಿದ್ದರು. ರೋಸಿ ತನ್ನ ಕಾಗದವನ್ನು ಏರಿಳಿತವಿಲ್ಲದೆ ಓದಿದಳು. ಆ ರಾತ್ರಿ ಸತ್ತವನು ಹೊರಡುವ ಮುಂಚೆ ಒಂದು ಬಟ್ಟಲನ್ನು ಬೇಡ ಎಂದಿದ್ದನೆಂದೂ, ಆಮೇಲೆ ಅದನ್ನೇ ಕುಡಿದನೆಂದೂ ಓದಿದಳು. ಯಾರು ಕೊಟ್ಟರು ಅಂತ ಇರಲಿಲ್ಲ.

ಅಧ್ಯಕ್ಷೆ ಕೇಳಿದರು: "ಈ ಬೇಡ ಅನ್ನೋ ಹಾಗಿಲ್ಲ ಅನ್ನೋದು ನಿಜವಾ?"

ನೆವಿಲ್ ನಕ್ಕರು. "ಅಯ್ಯೋ, ಅದೊಂದು ತಮಾಷೆ ಮೇಡಂ. ಬೇಡ ಅನ್ಬೇಕು ಅನ್ಸಿದೋರು ಬೇಡ ಅನ್ಬಹುದು. ಯಾರೂ ಯಾರ ಬಾಯಿಗೂ ಸುರಿಯಲ್ಲ. ಕೇಳಿ ಬೇಕಾದ್ರೆ, ಬಟ್ಟಲು ಕೊಡೋರೇ ಇಲ್ಲಿದ್ದಾರೆ."

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಅನ್ನುವುದಷ್ಟೇ ಉಳಿದಿತ್ತು. ಅಂದುಬಿಟ್ಟಿದ್ದರೆ ಮೊಹರು ಹಾಕಿದ ಕಾಗದ ಈಗ ನನ್ನ ಕೈಯಲ್ಲಿರುತ್ತಿತ್ತು.

"ಆಗೋದಿಲ್ಲ," ಎಂದೆ. "ಬೇಡ ಅನ್ನೋಕೆ ಆಗೋದಿಲ್ಲ."

ನೆವಿಲ್ ಮೇಜಿನ ಕೆಳಗೆ ನನ್ನ ಕಾಲು ಒದ್ದರು. ನಾನು ಎದ್ದು ನಿಂತೆ. ಕೂತು ಹೇಳುವ ವಿಷಯವಲ್ಲ ಅದು.

"ಅವತ್ತು ರಾತ್ರಿ ಹನ್ನೊಂದೂಮುಕ್ಕಾಲಿಗೆ ಸಿರಿಲ್ ಮಗ ಜೆಮ್ ಕೋಟು ಹಾಕ್ಕೊಂಡು ಹೊರಟು ನಿಂತಿದ್ದ. ನಾನು ಬಟ್ಟಲು ತುಂಬಿ ಹಿಡಿದೆ. ಸಾಕು ಆಂಟಿ, ಆಗ್ಲೇ ಜಾಸ್ತಿ ಆಗಿದೆ, ನಡ್ಕೊಂಡು ಹೋಗ್ಬೇಕು ಅಂದ. ಎರಡು ಸಲ ಅಂದ. ನಾನು ಕೇಳ್ಲಿಲ್ಲ. ವಾಸೇಲ್ ಜೆಮ್, ಅಂದುಬಿಟ್ಟೆ. ಪಕ್ಕದಲ್ಲಿ ಯಾರೋ ನಕ್ಕರು. ಮಾತು ಬಿತ್ತಲ್ಲ, ಇನ್ನೇನು ಮಾಡ್ತಾನೆ? ಡ್ರಿಂಕ್‌ಹೇಲ್ ಅಂತ ಉತ್ತರ ಕೊಟ್ಟು ಪೂರ್ತಿ ಕುಡಿದ. ಬಟ್ಟಲು ಬೋರಲು ಹಾಕಿ ತೋರಿಸಿದ. ಅಷ್ಟು ಮರ್ಯಾದೆ ಕಲಿತ ಹುಡುಗ."

ಅಧ್ಯಕ್ಷೆ ಮೂಗು ಒರೆಸುವುದನ್ನು ನಿಲ್ಲಿಸಿದ್ದರು.

"ವಾಸೇಲ್ ಅಂದ್ರೆ ಚೆನ್ನಾಗಿರು ಅಂತ ಅರ್ಥ ಮೇಡಂ. ಚೆನ್ನಾಗಿರು ಅಂತ ಹೇಳಿ ನಾನೇ ಅವನನ್ನ ಆ ದಾರಿಗೆ ಕಳಿಸಿದೆ."

ಬರೆದುಕೊಳ್ಳುವ ಗುಮಾಸ್ತ ಮೆಲ್ಲಗೆ ಕೇಳಿದ, "ಇದನ್ನ ದಾಖಲೆಗೆ ಹಾಕ್ಲಾ?"

"ಹಾಕಪ್ಪ. ಹೆಸರೂ ಹಾಕು. ಏವಿಸ್ ಹೆಂಬ್ರೋ. ಎಲ್ಲೂ ಬರೆದಿಲ್ಲವಂತೆ, ಇಲ್ಲಾದ್ರೂ ಇರ್ಲಿ."

ರೋಸಿ ತಲೆ ತಗ್ಗಿಸಿ ಕೂತಿದ್ದಳು. ಹಿಂದೆ ತಿರುಗಿ ನೋಡುವಷ್ಟು ಧೈರ್ಯ ನನಗಿರಲಿಲ್ಲ. ಕುರ್ಚಿ ಸರಿದ ಸದ್ದು, ಬಾಗಿಲು ಹಾಕಿದ ಸದ್ದು ಕೇಳಿತು. ಹತ್ತು ನಿಮಿಷದ ಮೇಲೆ ಪರವಾನಗಿ ಇಲ್ಲ ಎಂದರು.

ಡಿಸೆಂಬರ್ 10, ಮಂಗಳವಾರ

ನೆವಿಲ್ ಫೋನಿನಲ್ಲಿ ಕೂಗಾಡಿದರು. "ಗೆದ್ದಿದ್ವಿ ಏವಿಸ್! ನೀವೊಬ್ರು ಬಾಯಿ ಮುಚ್ಕೊಂಡು ಕೂತಿದ್ರೆ ಸಾಕಿತ್ತು!"

"ಎರಡು ವರ್ಷ ಕೂತಿದ್ದೆನಲ್ಲ ನೆವಿಲ್," ಎಂದೆ. ಆಮೇಲೆ ಅವರು ಫೋನು ಇಟ್ಟರೋ ನಾನು ಇಟ್ಟೆನೋ ನೆನಪಿಲ್ಲ. ಮಧ್ಯಾಹ್ನ ಮಲಗಿದವಳು ಕತ್ತಲಾದ ಮೇಲೇ ಎದ್ದೆ.

ಡಿಸೆಂಬರ್ 18, ಬುಧವಾರ

ಕೊಟ್ಟಿಗೆ ಸ್ವಚ್ಛ ಮಾಡುವಾಗ ರಾನ್ ತಂದಿಟ್ಟಿದ್ದ ಬೇಲಿಗೂಟಗಳು ಸಿಕ್ಕಿದವು, ನಲವತ್ತು ಇವೆ. ಅರ್ಧ ಡಬ್ಬ ಬಿಳಿ ಬಣ್ಣವೂ ಇತ್ತು. ಇಟ್ಟರೆ ಒಣಗಿಹೋಗುತ್ತದೆ ಎಂದು ಗೂಟಗಳಿಗೆ ಬಳಿದೆ. ಬಳಿದ ಮೇಲೆ ಕೊಟ್ಟಿಗೆಯಲ್ಲಿ ಇಡಲು ಜಾಗವಿಲ್ಲ. ಕಾಲುವೆಯ ದಂಡೆಗೆ, ಆ ತಿರುವಿನಿಂದ ಶುರುಮಾಡಿ, ಮೂರು ಮೂರು ಹೆಜ್ಜೆಗೆ ಒಂದರಂತೆ ಹೊಡೆದೆ. ಇವತ್ತು ಹದಿನಾಲ್ಕು ಆಯಿತು. ಅಂಗೈ ಸುಲಿದಿದೆ.

ಡಿಸೆಂಬರ್ 21, ಶನಿವಾರ

ಬೆಳಿಗ್ಗೆ ಹೋಗಿ ನೋಡಿದರೆ ಉಳಿದ ಗೂಟಗಳನ್ನು ಯಾರೋ ಹೊಡೆದು ಮುಗಿಸಿದ್ದಾರೆ. ನನ್ನವಕ್ಕಿಂತ ನೆಟ್ಟಗಿವೆ. ಜಾಮ್ ಬಾಟಲಿಯ ಪಕ್ಕದ ಗೂಟ ಎಲ್ಲಕ್ಕಿಂತ ಆಳ ಇಳಿದಿದೆ.

ಡಿಸೆಂಬರ್ 25

ತಂಗಿ ಫೋನು ಮಾಡಿದಳು. ಬಾಗಿಲಲ್ಲಿ ಒಂದು ಪೊಟ್ಟಣ ಇತ್ತು, ಒಳಗೆ ರಸ್ತೆ ಕೆಲಸದವರು ತೊಡುವ ಹೊಳೆಯುವ ಹಳದಿ ಜಾಕೀಟು. "ಆ ದಾರೀಲಿ ಓಡಾಡುವಾಗ ಹಾಕ್ಕೊಳ್ಳಿ ಆಂಟಿ. ರೋಸಿ." ಹಾಕಿಕೊಂಡು ನೋಡಿದೆ. ನಾಯಿ ಈಗ ಬೊಗಳಿತು.

ಜನವರಿ 17, ಶುಕ್ರವಾರ

ಇವತ್ತು ಏನೂ ಮಾಡುವುದಿಲ್ಲ, ಬಾಗಿಲು ಹಾಕಿಕೊಂಡು ಮಲಗುತ್ತೇನೆ ಎಂದುಕೊಂಡಿದ್ದೆ. ಮೂರು ಗಂಟೆಗೆ, ಒಳ್ಳೆ ಬಿಸಿಲಿನಲ್ಲಿ, ಸಿರಿಲ್ ಗೇಟು ತೆಗೆದುಕೊಂಡು ಬಂದ. ಬಂದೂಕು ತಂದಿರಲಿಲ್ಲ. ಕಂಕುಳಲ್ಲಿ ಕಾಗದ ಸುತ್ತಿದ ರೊಟ್ಟಿ.

"ಮರಕ್ಕೆ ಕೊಡೋಕೆ ಪರವಾನಗಿ ಬೇಕಾ?"

"ಬೇಡ."

"ಹಾಗಾದ್ರೆ ಬಾ."

ಬಟ್ಟಲು ತಾ ಅಂದ, ಎರಡು ಹಿಡಿಯ ಆ ಮರದ ಬಟ್ಟಲು. ಎರಡು ವರ್ಷದಿಂದ ಅದು ಗೋಡೆಗೆ ಮುಖ ಮಾಡಿ ಕೂತಿತ್ತು. ತಂದು ಕೊಟ್ಟೆ, ತುಂಬಿಸಿಯೂ ಕೊಟ್ಟೆ. ಅವನು ರೊಟ್ಟಿ ಅದ್ದಿ, ಕೈಗೆ ಸಿಕ್ಕ ಕೊಂಬೆಗೆ ಸಿಕ್ಕಿಸಿದ. ಇಬ್ಬರೂ ಹಾಡಲಿಲ್ಲ. ಅಜ್ಜನ ಮೇಲೆ ಒಂದು ಹಕ್ಕಿ ಬಂದು ಕೂತು, ನಮ್ಮನ್ನು ನೋಡಿ, ಹಾರಿಹೋಯಿತು.

"ಹೆಸರು ಬರೀಬೇಡ ಅಂತ ರೋಸಿಗೆ ಹೇಳಿದ್ದು ನಾನು," ಎಂದ.

"ಯಾಕೆ ಸಿರಿಲ್?"

"ನೀನು ವಾಸೇಲ್ ಅಂದಾಗ ಅವನು ನನ್ನ ಕಡೆ ನೋಡಿದ. ಅಪ್ಪ ಬಿಡಿಸ್ತಾನೆ ಅಂತ. ನಾನು ಏನಂದೆ ಗೊತ್ತಾ? ಮಾತು ಬಿತ್ತಲ್ಲೋ, ಇನ್ನು ಕುಡೀಲೇಬೇಕು ಮಗನೆ, ಅಂದೆ. ನಕ್ಕೆ. ಆ ನಕ್ಕಿದ್ದು ನಾನು ಏವಿಸ್. ನಿನ್ನ ಹೆಸರು ಬರೆದಿದ್ರೆ ಅದರ ಕೆಳಗೆ ನಂದೂ ಬರೀಬೇಕಿತ್ತು."

ಅವನು ಅಲ್ಲಿದ್ದದ್ದು ನನಗೆ ನೆನಪೇ ಇರಲಿಲ್ಲ. ನಗು ಮಾತ್ರ ನೆನಪಿತ್ತು. ನನಗೆ ಅಳು ಬಂತು, ಅವನ ಮುಂದೆಯೇ ಅತ್ತೆ. ಅವನು ನಾನು ಮುಗಿಸುವವರೆಗೆ ಮರದ ತೊಗಟೆ ಕೀಳುತ್ತ ನಿಂತಿದ್ದ.

ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದ. ಆ ರಾತ್ರಿಯ ಮೇಲೆ ನಾನು ಒಂದು ತೊಟ್ಟೂ ಕುಡಿದಿಲ್ಲ. ಅದು ಅವನಿಗೆ ಗೊತ್ತಿರಲಿಕ್ಕಿಲ್ಲ.

"ಬೇಡ ಸಿರಿಲ್," ಎಂದೆ.

ಅವನು ಬಟ್ಟಲು ಹಿಡಿದೇ ನಿಂತ. ಮಾತು ಅವನ ಬಾಯಲ್ಲಿತ್ತು. ಆಡಿದ್ದರೆ ನಾನು ಕುಡಿಯಬೇಕಾಗುತ್ತಿತ್ತು, ಕುಡಿಯುತ್ತಲೂ ಇದ್ದೆ.

"ಬೇಡ ಅಂದ್ರೆ ಬೇಡ," ಎಂದು ಬಗ್ಗಿ ಅಷ್ಟನ್ನೂ ಅಜ್ಜನ ಬುಡಕ್ಕೆ ಸುರಿದ.

ಹಳದಿ ಜಾಕೀಟು ಹಾಕಿಕೊಂಡು ಅವನ ಗೇಟಿನವರೆಗೆ ಹೋದೆ. ಬಾತುಕೋಳಿ ಹಾಗೆ ಕಾಣ್ತೀಯ ಎಂದ. ಬಿಳಿ ಗೂಟಗಳ ಪಕ್ಕದಲ್ಲಿ ನಡೆದೆವು. ಯಾವುದು ಯಾರು ಹೊಡೆದದ್ದು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಇವತ್ತು ಹೆಜ್ಜೆ ಎಷ್ಟಾಯಿತೋ, ನೋಡಲಿಲ್ಲ.

ಗೇಟಿನಲ್ಲಿ ಅವನು ತಿರುಗಿ ನಿಂತ. ಬಟ್ಟಲು ನನ್ನ ಕಂಕುಳಲ್ಲಿತ್ತು, ಅವನ ಕೈಯಲ್ಲಿ ಏನೂ ಇರಲಿಲ್ಲ.

"ವಾಸೇಲ್, ಏವಿಸ್," ಎಂದ.

ಬಟ್ಟಲು ಹಿಡಿಯದೆ ಆ ಮಾತು ಆಡಿದವರನ್ನು ನಾನು ಕಂಡಿಲ್ಲ. ಕುಡಿಯುವುದು ಇಲ್ಲದ ಮೇಲೆ ಅದಕ್ಕೆ ಏನು ಉತ್ತರ ಕೊಡಬೇಕೆಂದು ನಮಗೆ ಯಾರೂ ಕಲಿಸಿಲ್ಲ.

"ನೀನೂ ಚೆನ್ನಾಗಿರು ಸಿರಿಲ್," ಎಂದೆ.